ದಾಸ್ತಾನು ವಹಿ, ವಿತರಣಾ ವಹಿ: ಗ್ರಂಥಾಲಯದ ಬಳಕೆಯೂ ಮಕ್ಕಳ ಕಲಿಕೆಯೂ



ಯಾವ ಗ್ರಂಥಾಲಯಕ್ಕೆ ಹೋದರೂ ಮೇಜಿನ ಮೇಲೆ ಎರಡು ವಹಿಗಳಿರುತ್ತವೆ. ಒಂದು ದಾಸ್ತಾನು ವಹಿ. ಬಂದ ಪ್ರತಿಯೊಂದು ಪುಸ್ತಕಕ್ಕೂ ಕ್ರಮಸಂಖ್ಯೆ ಕೊಟ್ಟು, ಅದರ ಹೆಸರು, ಬರೆದವರು, ಬೆಲೆ ಎಲ್ಲವನ್ನೂ ಅದರಲ್ಲಿ ನಮೂದಿಸುತ್ತಾರೆ. ಇನ್ನೊಂದು ವಿತರಣಾ ವಹಿ. ಯಾವ ಪುಸ್ತಕ ಯಾರ ಕೈಗೆ ಎಂದು ಹೋಯಿತು, ಎಂದು ವಾಪಸು ಬಂತು ಎಂಬುದನ್ನು ಅದು ಹೇಳುತ್ತದೆ. ಲೆಕ್ಕ ತಪಾಸಣೆಗೆ ಬಂದವರು ಮೊದಲನೆಯದನ್ನು ತೆರೆಸಿ, ಬೀರುವಿನ ಮುಂದೆ ನಿಂತು ಪುಸ್ತಕ ಎಣಿಸುತ್ತಾರೆ. ಎರಡನೆಯದನ್ನು ತರಿಸಿ ನೋಡುವವರು ಬಹಳ ಕಡಿಮೆ. ಗ್ರಂಥಾಲಯದ ಬಳಕೆಗೂ ವಿದ್ಯಾರ್ಥಿಗಳ ಶೈಕ್ಷಣಿಕ ಸಾಧನೆಗೂ ಏನು ಸಂಬಂಧ ಎಂಬ ಪ್ರಶ್ನೆಗೆ ಉತ್ತರ ಈ ಎರಡನೆಯ ವಹಿಯಲ್ಲಿದೆ ಎಂಬುದು ಈ ಉಪನ್ಯಾಸದ ವಾದ.

ವಾದವನ್ನು ಒಂದು ಊರಿನ ನೆಲೆಯಲ್ಲಿಟ್ಟು ನೋಡುವುದು ಒಳ್ಳೆಯದು. ಚಿತ್ರದುರ್ಗ ಜಿಲ್ಲೆ ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿ ಒಂದು ಹೋಬಳಿ ಕೇಂದ್ರ. ಶಿರಾದಿಂದ ಹಿರಿಯೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ ಅದನ್ನು ಹಾಯ್ದು ಹೋಗುತ್ತದೆ. ಒಂದು ಕಡೆ ಗಾಯತ್ರಿ ಜಲಾಶಯದ ಸೀಮೆ, ಉಳಿದ ಕಡೆ ಮಳೆಯನ್ನೇ ನಂಬಿದ ಶೇಂಗಾ ಹೊಲಗಳು, ಬೋರ್‌ವೆಲ್‌ಗಳು, ಗೊಲ್ಲರಹಟ್ಟಿಗಳು. ಇಂಥ ಹೋಬಳಿ ಕೇಂದ್ರದ ಪ್ರೌಢಶಾಲೆಗೆ ಸುತ್ತಲ ಹಳ್ಳಿಗಳ ಮಕ್ಕಳು ಬಸ್ಸಿನಲ್ಲೋ ಸೈಕಲ್ಲಿನಲ್ಲೋ ಬರುತ್ತಾರೆ. ಅವರಲ್ಲಿ ಅನೇಕರ ಮನೆಯಲ್ಲಿ ಪಠ್ಯಪುಸ್ತಕ ಬಿಟ್ಟರೆ ಮುದ್ರಿತ ಕಾಗದವೆಂದರೆ ಗೋಡೆಯ ಕ್ಯಾಲೆಂಡರ್ ಮತ್ತು ಮದುವೆಯ ಕರೆಯೋಲೆ. ದೊಡ್ಡ ನಗರದ ಅನುಕೂಲಸ್ಥ ಮನೆಯ ಮಗುವಿಗೆ ಗ್ರಂಥಾಲಯ ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಹಟ್ಟಿಯಿಂದ ಬರುವ ಮಗುವಿಗೆ ಪಠ್ಯೇತರ ಪುಸ್ತಕ ಸಿಗುವ ಜಾಗ ಅದೊಂದೇ.

ಈ ಜಿಲ್ಲೆಯ ಮಟ್ಟಿಗೆ ಸಾಧನೆ ಎಂಬ ಪದವನ್ನೇ ಸ್ವಲ್ಪ ಎಚ್ಚರದಿಂದ ಬಳಸಬೇಕು. 2023ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಚಿತ್ರದುರ್ಗ ಜಿಲ್ಲೆ ಶೇ 96.80ರೊಂದಿಗೆ ಇಡೀ ರಾಜ್ಯಕ್ಕೆ ಮೊದಲ ಸ್ಥಾನ ಪಡೆಯಿತು. ಆ ವರ್ಷ ರಾಜ್ಯದ ಒಟ್ಟು ಫಲಿತಾಂಶ ಶೇ 83.89. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂತು. ಕೃಪಾಂಕ ಕೊಟ್ಟ ಮೇಲೂ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಮೊದಲ ಸ್ಥಾನ ಉಡುಪಿಗೆ ಹೋಯಿತು. ಚಿತ್ರದುರ್ಗ ಬಹಳ ಕೆಳಗೆ ಜಾರಿತು. ಈ ಏರಿಳಿತವನ್ನು ಹಿಡಿದು ಮಕ್ಕಳನ್ನಾಗಲಿ ಶಿಕ್ಷಕರನ್ನಾಗಲಿ ದೂರುವುದು ನ್ಯಾಯವಲ್ಲ. ಒಂದೇ ವರ್ಷದಲ್ಲಿ ಒಂದು ಜಿಲ್ಲೆಯ ಮಕ್ಕಳ ಬುದ್ಧಿ ಹೆಚ್ಚುವುದೂ ಇಲ್ಲ, ಕುಂದುವುದೂ ಇಲ್ಲ. ತೇರ್ಗಡೆಯ ಪ್ರಮಾಣ ಒಂದು ಅಳತೆ, ಕಲಿಕೆ ಇನ್ನೊಂದು ಎಂಬುದಷ್ಟೇ ಇದರಿಂದ ತಿಳಿಯುವ ಸಂಗತಿ. ಗ್ರಂಥಾಲಯದ ಪರಿಣಾಮವನ್ನು ಹುಡುಕುವವರು ಕಲಿಕೆಯ ಕಡೆ ನೋಡಬೇಕು. ಅಂಕ ಅದರ ಹಿಂದೆ, ನಿಧಾನವಾಗಿ ಬರುತ್ತದೆ.

ಕಲಿಕೆಯ ಗಂಟು ಎಲ್ಲಿ ಬಿಗಿಯುತ್ತದೆ ಎಂಬುದನ್ನು ಒಂದು ಲೆಕ್ಕದಲ್ಲಿ ಹತ್ತಿರದಿಂದ ನೋಡಬಹುದು. ಏಳನೆಯ ತರಗತಿಯ ಮಟ್ಟದ ಲೆಕ್ಕವಿದು: ‘ರೈತನೊಬ್ಬನು ತಾನು ಬೆಳೆದ 24 ಚೀಲ ಶೇಂಗಾದಲ್ಲಿ ಆರನೆಯ ಒಂದು ಭಾಗವನ್ನು ಬಿತ್ತನೆಗೆ ಉಳಿಸಿಕೊಂಡು, ಉಳಿದುದರಲ್ಲಿ ಅರ್ಧವನ್ನು ಚಳ್ಳಕೆರೆ ಮಾರುಕಟ್ಟೆಗೆ ಕಳುಹಿಸಿದರೆ, ಮಾರಾಟಕ್ಕೆ ಇನ್ನೂ ಉಳಿದ ಚೀಲಗಳೆಷ್ಟು?’ ಭಾಗಾಕಾರ ಚೆನ್ನಾಗಿ ಬರುವ ಹುಡುಗನೂ ಇಲ್ಲಿ 24ನ್ನು ಎರಡರಿಂದ ಭಾಗಿಸಿ 12 ಎಂದು ಬರೆದಿಡುತ್ತಾನೆ. ಅವನು ಸೋತದ್ದು ಗಣಿತದಲ್ಲಿ ಅಲ್ಲ. ಒಂದೇ ವಾಕ್ಯದಲ್ಲಿ ‘ಉಳಿಸಿಕೊಂಡು’, ‘ಉಳಿದುದರಲ್ಲಿ’, ‘ಉಳಿದ’ ಎಂಬ ಮೂರು ರೂಪಗಳು ಮೂರು ಬೇರೆ ಬೇರೆ ರಾಶಿಗಳನ್ನು ತೋರಿಸುತ್ತಿವೆ. ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಓದುವ ಮಗು ವಾಕ್ಯದ ಕೊನೆ ಮುಟ್ಟುವ ಹೊತ್ತಿಗೆ ಅದರ ಮೊದಲನ್ನು ಮರೆತಿರುತ್ತದೆ. ಕ್ರಿಯಾಪದ ಕೊನೆಯಲ್ಲಿ ಬರುವ, ಪ್ರತ್ಯಯಗಳು ಪದಕ್ಕೆ ಅಂಟಿಕೊಂಡೇ ಇರುವ ಕನ್ನಡದಲ್ಲಿ ಇದು ಸಣ್ಣ ತೊಡಕಲ್ಲ. ಬಿತ್ತನೆಗೆ 4 ಚೀಲ ತೆಗೆದಿಟ್ಟು, ಮಿಕ್ಕ 20ರಲ್ಲಿ 10 ಕಳುಹಿಸಿದರೆ ಎಷ್ಟು ಉಳಿಯುತ್ತದೆ ಎಂದು ಬಾಯಲ್ಲಿ ಕೇಳಿದರೆ ಅದೇ ಹುಡುಗ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಕೊಡುತ್ತಾನೆ. ಅಪ್ಪನ ಜೊತೆ ಕಣದಲ್ಲಿ ಚೀಲ ಎಣಿಸಿದ ಅನುಭವ ಅವನಿಗಿದೆ. ಇಲ್ಲದ್ದು ಉದ್ದನೆಯ ವಾಕ್ಯವನ್ನು ಒಂದೇ ಉಸಿರಿನಲ್ಲಿ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಅಭ್ಯಾಸ. ಆ ಅಭ್ಯಾಸವನ್ನು ಪಾಠ ಮಾಡಿ ಕಲಿಸಲು ಆಗುವುದಿಲ್ಲ. ಸಾವಿರಾರು ವಾಕ್ಯ ಓದಿ ಓದಿ ಅದು ಮೈಗೂಡಬೇಕು.

ಪಠ್ಯಪುಸ್ತಕವೊಂದರಿಂದಲೇ ಅಷ್ಟು ಓದು ಏಕೆ ಸಾಧ್ಯವಿಲ್ಲ? ಪುಟಗಳು ಕಡಿಮೆ ಎಂಬುದು ಒಂದು ಕಾರಣ. ಪಾಠವನ್ನು ಮೇಷ್ಟ್ರು ಓದಿ ವಿವರಿಸುತ್ತಾರೆ, ಪ್ರಶ್ನೋತ್ತರವನ್ನು ಕಪ್ಪುಹಲಗೆಯಿಂದ ಬರೆದುಕೊಂಡು ಬಾಯಿಪಾಠ ಮಾಡಿದರೆ ಕೆಲಸ ಮುಗಿಯುತ್ತದೆ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಗ್ರಾಮೀಣ ಮಕ್ಕಳ ಓದನ್ನು ಮನೆ ಮನೆಗೆ ಹೋಗಿ ಪರೀಕ್ಷಿಸುವ ‘ಅಸರ್’ ಸಮೀಕ್ಷೆಯಲ್ಲಿ ಐದನೆಯ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಎರಡನೆಯ ತರಗತಿಯ ಮಟ್ಟದ ಪಠ್ಯವನ್ನು ಸರಾಗವಾಗಿ ಓದಲಾರರು ಎಂಬ ಅಂಶ ಕರ್ನಾಟಕದ ಬಗ್ಗೆಯೂ ಮತ್ತೆ ಮತ್ತೆ ಕಂಡುಬಂದಿದೆ. ಹಾಗೆ ಓದಲಾರದ ಮಗುವೇ ಮುಂದೆ ಎಂಟನೆಯ ತರಗತಿಗೆ ಹೋಗಿ ವಿಜ್ಞಾನವನ್ನೂ ಸಮಾಜವನ್ನೂ ‘ಓದಿ ಕಲಿಯಬೇಕು’.

ಸ್ವಂತ ಓದಿಗೆ ದಿನಕ್ಕೆ ಎಷ್ಟು ಹೊತ್ತು ಬೇಕು ಎಂಬುದಕ್ಕೆ ಅಮೆರಿಕದಲ್ಲಿ 1988ರಲ್ಲಿ ಪ್ರಕಟವಾದ ಒಂದು ಅಧ್ಯಯನ ಒಳ್ಳೆಯ ಅಂದಾಜು ಕೊಡುತ್ತದೆ. ರಿಚರ್ಡ್ ಆಂಡರ್ಸನ್ ಮತ್ತು ಸಂಗಡಿಗರು ಐದನೆಯ ತರಗತಿಯ ಮಕ್ಕಳು ಶಾಲೆಯ ಹೊರಗೆ ಏನು ಮಾಡುತ್ತಾರೆಂದು ದಿನ ದಿನವೂ ಬರೆಸಿದರು. ನೂರು ಮಕ್ಕಳನ್ನು ಓದಿನ ಹೊತ್ತಿನ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ನಟ್ಟನಡುವೆ ನಿಲ್ಲುವ ಮಗು ಪುಸ್ತಕ ಓದುತ್ತಿದ್ದುದು ದಿನಕ್ಕೆ ಐದು ನಿಮಿಷಕ್ಕಿಂತ ಕಡಿಮೆ. ಮುಂದಿನ ಹತ್ತರ ಅಂಚಿನಲ್ಲಿ ನಿಲ್ಲುವ ಮಗು ಓದುತ್ತಿದ್ದುದು ಸುಮಾರು ಇಪ್ಪತ್ತೊಂದು ನಿಮಿಷ. ಅಷ್ಟೇ ಅಂತರ. ಆದರೆ ವರ್ಷದ ಕೊನೆಗೆ ಮೊದಲನೆಯ ಮಗುವಿನ ಕಣ್ಣಿಗೆ ಬಿದ್ದ ಪದಗಳು ಮೂರು ಲಕ್ಷದ ಒಳಗೆ, ಎರಡನೆಯ ಮಗುವಿಗೆ ಹದಿನೆಂಟು ಲಕ್ಷ. ಶಾಲೆಯ ಹೊರಗಿನ ಹವ್ಯಾಸಗಳಲ್ಲಿ ಓದುವ ಸಾಮರ್ಥ್ಯದ ಬೆಳವಣಿಗೆಯೊಂದಿಗೆ ಬಲವಾದ ನಂಟು ಕಂಡದ್ದು ಈ ಪುಸ್ತಕದ ಓದಿಗೇ. ಇಂಗ್ಲಿಷ್ ಪದಗಳ ಎಣಿಕೆ ಕನ್ನಡಕ್ಕೆ ನೇರವಾಗಿ ಹೊಂದುವುದಿಲ್ಲ ನಿಜ. ನಮ್ಮ ಒಂದು ಪದದಲ್ಲಿ ಅವರ ಮೂರು ಪದ ಅಡಗಿರುತ್ತದೆ. ಆದರೂ ನಿಮಿಷಗಳ ಲೆಕ್ಕ ಎಲ್ಲರಿಗೂ ಒಂದೇ.

ಈ ಇಪ್ಪತ್ತು ನಿಮಿಷವನ್ನು ಹೋಬಳಿ ಕೇಂದ್ರದ ದಿನಚರಿಯಲ್ಲಿ ಹುಡುಕಿ ನೋಡಿ. ಸಂಜೆ ಶಾಲೆ ಬಿಟ್ಟ ಮೇಲೆ ಹಳ್ಳಿಯ ಬಸ್ಸು ಬರುವ ತನಕ ಮಕ್ಕಳು ನಿಲ್ದಾಣದ ಬಳಿ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ನಿಂತಿರುತ್ತಾರೆ. ಅದರಲ್ಲೂ ಹೆಣ್ಣುಮಕ್ಕಳಿಗೆ ಮನೆ ಸೇರಿದ ಮೇಲೆ ನೀರು, ಕಸ, ಒಲೆ, ತಮ್ಮ ತಂಗಿಯರು ಎಂದು ಕೆಲಸ ಕಾದಿರುತ್ತದೆ. ಅವರ ಪಾಲಿಗೆ ಇಡೀ ದಿನದಲ್ಲಿ ತಮ್ಮದು ಎನ್ನಬಹುದಾದ ಹೊತ್ತು ಬಸ್ಸಿಗೆ ಕಾಯುವ ಆ ಹೊತ್ತೇ. ಆಗ ಗ್ರಂಥಾಲಯದ ಬಾಗಿಲು ತೆರೆದಿದೆಯೇ ಎಂಬುದು ಚಿಕ್ಕ ಪ್ರಶ್ನೆಯಂತೆ ತೋರಬಹುದು. ಒಬ್ಬ ಹುಡುಗಿಯ ಹತ್ತು ವರ್ಷಗಳ ಓದನ್ನು ನಿರ್ಧರಿಸುವ ಪ್ರಶ್ನೆ ಅದು.

ಇಷ್ಟು ಹೇಳಿದ ಮೇಲೆ, ಗ್ರಂಥಾಲಯ ಕಟ್ಟಿದರೆ ಅಂಕ ತಾನಾಗಿ ಏರುತ್ತದೆ ಎಂದು ಯಾರಾದರೂ ಭಾವಿಸಿದರೆ ಅವರು ಕರ್ನಾಟಕದಲ್ಲೇ ನಡೆದ ಒಂದು ಪ್ರಯೋಗದ ಫಲಿತಾಂಶವನ್ನು ಓದಬೇಕು. ಬೆಂಗಳೂರಿನ ಅಕ್ಷರ ಫೌಂಡೇಶನ್ ಸರ್ಕಾರಿ ಶಾಲೆಗಳಲ್ಲಿ ಗ್ರಂಥಾಲಯ ಕಾರ್ಯಕ್ರಮ ನಡೆಸುತ್ತಿತ್ತು. ಕೆಲವು ಶಾಲೆಗಳಲ್ಲಿ ಅಲ್ಲೇ ಗ್ರಂಥಾಲಯ, ಇನ್ನು ಕೆಲವಕ್ಕೆ ಗ್ರಂಥಪಾಲಕರು ಪುಸ್ತಕದೊಂದಿಗೆ ಬಂದು ಹೋಗುವ ವ್ಯವಸ್ಥೆ. ಇವಾನ್ ಬೋರ್ಕಮ್, ಫಾಂಗ್ ಹೆ ಮತ್ತು ಲೀ ಲಿಂಡೆನ್ ಎಂಬ ಸಂಶೋಧಕರು ಶಾಲೆಗಳನ್ನು ಚೀಟಿ ಎತ್ತಿದ ರೀತಿಯಲ್ಲಿ ಎರಡು ಗುಂಪು ಮಾಡಿ, ಕಾರ್ಯಕ್ರಮ ಇದ್ದ ಶಾಲೆಗಳ ಮಕ್ಕಳನ್ನೂ ಇಲ್ಲದ ಶಾಲೆಗಳ ಮಕ್ಕಳನ್ನೂ ಹದಿನಾರು ತಿಂಗಳ ನಂತರ ಭಾಷಾ ಪರೀಕ್ಷೆಗೆ ಕೂರಿಸಿದರು. 2012ರಲ್ಲಿ ಹೊರಬಂದ ಅವರ ವರದಿಯ ತೀರ್ಮಾನ ನೇರವಾಗಿತ್ತು: ಭಾಷೆಯ ಅಂಕಗಳಲ್ಲಿ ವ್ಯತ್ಯಾಸವಿಲ್ಲ, ಬೇರೆ ವಿಷಯಗಳಲ್ಲೂ ಇಲ್ಲ, ಹಾಜರಾತಿಯಲ್ಲೂ ಇಲ್ಲ. ಎರಡು ಮಾದರಿಗಳಲ್ಲಿ ಶಾಲೆಯಲ್ಲೇ ಇದ್ದ ಗ್ರಂಥಾಲಯದಿಂದ ಪರಿಣಾಮ ಕಾಣಲಿಲ್ಲ, ಗ್ರಂಥಪಾಲಕರು ಬಂದು ಹೋಗುವ ಮಾದರಿಯಲ್ಲಿ ಅಂಕ ಇಳಿದೇ ಇತ್ತು.

ಗ್ರಂಥಾಲಯವನ್ನು ಪ್ರೀತಿಸುವವರಿಗೆ ಇದು ಕಹಿ. ಆದರೆ ಇದನ್ನು ಮುಚ್ಚಿಟ್ಟು ಮಾತನಾಡುವುದು ಗ್ರಂಥಾಲಯಕ್ಕೆ ಮಾಡುವ ಉಪಕಾರವಲ್ಲ. ಕಹಿಯನ್ನು ನುಂಗಿಯೇ ಮುಂದಿನ ಪ್ರಶ್ನೆ ಕೇಳಬೇಕು: ಹಾಗಾದರೆ ಯಾವಾಗ ಪರಿಣಾಮ ಕಂಡಿದೆ?

ಅದೇ ಲೀ ಲಿಂಡೆನ್ ಬೇರೆ ಇಬ್ಬರೊಡನೆ ಫಿಲಿಪ್ಪೀನ್ಸ್‌ನ ತಾರ್ಲಾಕ್ ಪ್ರಾಂತ್ಯದ ನೂರು ಶಾಲೆಗಳಲ್ಲಿ ಇನ್ನೊಂದು ಪ್ರಯೋಗ ಮಾಡಿದರು. ಅಲ್ಲಿ ಮಕ್ಕಳ ವಯಸ್ಸಿಗೆ ಹೊಂದುವ ಪುಸ್ತಕಗಳನ್ನು ಕೊಟ್ಟದ್ದಷ್ಟೇ ಅಲ್ಲದೆ, ಶಿಕ್ಷಕರಿಗೆ ತರಬೇತಿ ಕೊಟ್ಟು, ಮೂವತ್ತೊಂದು ದಿನ ಪ್ರತಿದಿನವೂ ತರಗತಿಯಲ್ಲಿ ಓದಿಸಿದರು. ಮಕ್ಕಳ ಓದುವ ಶಕ್ತಿ ಅಳತೆಗೆ ಸಿಗುವಷ್ಟು ಏರಿತು. ಮೂರು ತಿಂಗಳ ನಂತರ ಮತ್ತೆ ಪರೀಕ್ಷಿಸಿದಾಗ ಲಾಭದ ಸುಮಾರು ಅರ್ಧ ಉಳಿದಿತ್ತು. ಅಂದರೆ ಓದಿದಷ್ಟು ದಿನ ಏರಿದ್ದು, ಓದು ನಿಂತ ಮೇಲೆ ಇಳಿಯತೊಡಗಿತು. ಇದಕ್ಕೂ ಮೊದಲು, 1980ರ ದಶಕದ ಆರಂಭದಲ್ಲಿ ಫಿಜಿ ದ್ವೀಪಗಳ ಹಳ್ಳಿ ಶಾಲೆಗಳಲ್ಲಿ ವಾರ್ವಿಕ್ ಎಲ್ಲಿ ಮತ್ತು ಫ್ರಾನ್ಸಿಸ್ ಮಂಗುಭಾಯಿ ನಡೆಸಿದ ‘ಪುಸ್ತಕ ಪ್ರವಾಹ’ ಪ್ರಯೋಗದಲ್ಲಿ ನಾಲ್ಕು ಮತ್ತು ಐದನೆಯ ತರಗತಿಗಳಿಗೆ 250ರಷ್ಟು ಬಣ್ಣದ ಕಥೆ ಪುಸ್ತಕಗಳನ್ನು ಕೊಟ್ಟು ದಿನಾಲೂ ಸ್ವಲ್ಪ ಹೊತ್ತು ಓದುವುದನ್ನು ಪಾಠದ ಭಾಗವಾಗಿಸಿದ್ದರು. ಆ ಮಕ್ಕಳು ಇಂಗ್ಲಿಷ್ ಓದಿನಲ್ಲಿ ಸಾಮಾನ್ಯಕ್ಕಿಂತ ಎರಡು ಪಟ್ಟು ವೇಗದಲ್ಲಿ ಮುಂದುವರಿದರು. ಇಂಗ್ಲಿಷ್ ಅವರ ಮನೆಮಾತಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಇಂಗ್ಲಿಷ್ ಬರಲಿ ಎಂದು ಎಳೆಯ ಮಕ್ಕಳನ್ನು ಬೆಳಿಗ್ಗೆ ಏಳಕ್ಕೇ ಶಾಲಾ ವ್ಯಾನಿಗೆ ಹತ್ತಿಸುವ ನಮ್ಮ ಹಳ್ಳಿಗಳ ತಂದೆತಾಯಂದಿರಿಗೆ ಫಿಜಿಯ ಈ ಸುದ್ದಿ ಮುಟ್ಟಬೇಕಾಗಿದೆ. ಭಾಷೆ ಕಥೆಯ ಬೆನ್ನೇರಿ ಬರುತ್ತದೆ. ಅದು ಕನ್ನಡವಾದರೂ ಸರಿ, ಇಂಗ್ಲಿಷ್ ಆದರೂ ಸರಿ.

ದೊಡ್ಡ ವಿದ್ಯಾರ್ಥಿಗಳ ವಿಷಯದಲ್ಲೂ ಇದೇ ಎಳೆ ಸಿಗುತ್ತದೆ. ಬ್ರಿಟನ್ನಿನ ಹಡರ್ಸ್‌ಫೀಲ್ಡ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ಎಂಟು ವಿಶ್ವವಿದ್ಯಾಲಯಗಳು ಸೇರಿ ಮೂವತ್ತು ಸಾವಿರಕ್ಕೂ ಹೆಚ್ಚು ಪದವಿ ವಿದ್ಯಾರ್ಥಿಗಳ ಗ್ರಂಥಾಲಯ ದಾಖಲೆಗಳನ್ನೂ ಅಂತಿಮ ಫಲಿತಾಂಶಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವು. ಎರವಲು ಪಡೆದ ಪುಸ್ತಕಗಳಿಗೂ ಪದವಿಯ ದರ್ಜೆಗೂ ಸ್ಪಷ್ಟ ನಂಟು ಇತ್ತು. ಬಾಗಿಲು ದಾಟಿ ಒಳಗೆ ಬಂದ ಎಣಿಕೆಗೆ ಅಂಥ ನಂಟು ಕಾಣಲಿಲ್ಲ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗ್ರಂಥಾಲಯವನ್ನು ಒಮ್ಮೆಯಾದರೂ ಬಳಸಿದವರ ಅಂಕವೂ ಹೆಚ್ಚಿತ್ತು, ಓದು ಬಿಡದೆ ಮುಂದುವರಿದವರೂ ಅವರಲ್ಲೇ ಹೆಚ್ಚು.

ಇಂಥ ಅಂಕಿಗಳನ್ನು ಕೈಗೆತ್ತಿಕೊಂಡಾಗ ಒಂದು ಆಕ್ಷೇಪವನ್ನು ಮರೆಯಬಾರದು. ಓದುವ ಮಕ್ಕಳೇ ಗ್ರಂಥಾಲಯಕ್ಕೆ ಹೋಗುತ್ತಾರೆಯೋ, ಗ್ರಂಥಾಲಯಕ್ಕೆ ಹೋಗಿ ಓದುವವರಾಗುತ್ತಾರೆಯೋ? ಎರಡು ಸಂಗತಿಗಳು ಜೊತೆಗೆ ಕಂಡವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು ಎಂದು ಆ ಸಂಶೋಧಕರೇ ಎಚ್ಚರಿಸಿದ್ದಾರೆ. ಪ್ರಾಮಾಣಿಕ ಉತ್ತರವೆಂದರೆ ಎರಡೂ ನಿಜ, ಮತ್ತು ಎರಡೂ ಒಂದನ್ನೊಂದು ತಳ್ಳುತ್ತವೆ. ಚೆನ್ನಾಗಿ ಓದಬಲ್ಲ ಮಗು ಹೆಚ್ಚು ಓದುತ್ತದೆ, ಹೆಚ್ಚು ಓದಿದ್ದರಿಂದ ಇನ್ನೂ ಚೆನ್ನಾಗಿ ಓದುತ್ತದೆ. ತಡವರಿಸುವ ಮಗು ಪುಸ್ತಕದಿಂದ ದೂರ ಸರಿಯುತ್ತದೆ, ಸರಿದಷ್ಟೂ ಹಿಂದೆ ಬೀಳುತ್ತದೆ. ಕೆನಡಾದ ಮನೋವಿಜ್ಞಾನಿ ಕೀತ್ ಸ್ಟಾನೊವಿಚ್ 1986ರಲ್ಲಿ ಇದನ್ನು ವಿವರವಾಗಿ ತೋರಿಸಿದರು. ಉಳ್ಳವನಿಗೆ ಮತ್ತಷ್ಟು ಸೇರುವ ಈ ಸುಳಿಯಿಂದ ತಡವರಿಸುವ ಮಗುವನ್ನು ಈಚೆಗೆ ಎಳೆಯಲು ಯಾರಾದರೂ ಬೇಕು. ಬೀರು ಆ ಕೆಲಸ ಮಾಡಲಾರದು. ಪುಸ್ತಕವನ್ನೂ ಮಗುವನ್ನೂ ಬಲ್ಲ ಒಬ್ಬ ಮನುಷ್ಯ ಮಾಡಬಲ್ಲ. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ 1993ರಲ್ಲಿ ಕೀತ್ ಕರಿ ಲಾನ್ಸ್ ಮಾಡಿದ ಅಧ್ಯಯನವೂ, ನಂತರ ಬೇರೆ ರಾಜ್ಯಗಳಲ್ಲಿ ನಡೆದ ಅಂಥವೇ ಅಧ್ಯಯನಗಳೂ ಬೊಟ್ಟು ಮಾಡಿದ್ದು ಇದೇ ಕಡೆಗೆ: ಪುಸ್ತಕ ಸಂಗ್ರಹದ ಜೊತೆಗೆ ಅದನ್ನು ನಡೆಸುವ ಜನ ಇದ್ದ ಶಾಲೆಗಳಲ್ಲಿ ಓದಿನ ಅಂಕ ಮೇಲಿತ್ತು.

ಸಭಿಕರೇ, ಈ ತಿಳಿವು ನಮಗೆ ಹೊರಗಿನಿಂದ ಬರಬೇಕಾಗಿರಲಿಲ್ಲ. ಶಿಯಾಳಿ ರಾಮಾಮೃತ ರಂಗನಾಥನ್ ಗಣಿತದ ಮೇಷ್ಟ್ರಾಗಿ 1917ರಲ್ಲಿ ವೃತ್ತಿ ಆರಂಭಿಸಿದ್ದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಅವರಿಗೆ ಆ ಕೆಲಸ ಬೇಡವಾಗಿತ್ತು. ತರಗತಿಗೆ ಮರಳುವ ಆಸೆಯಿತ್ತು. ಲಂಡನ್ನಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳು ಜನರ ನಡುವೆ ಹೇಗೆ ಬದುಕಿವೆ ಎಂದು ಕಂಡ ಮೇಲೆ ಮನಸ್ಸು ಬದಲಾಯಿತು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳು ಇಂದು ಜಗತ್ತಿನ ಎಲ್ಲ ಗ್ರಂಥಾಲಯ ಶಾಲೆಗಳಲ್ಲೂ ಪಾಠವಾಗಿವೆ. ಪುಸ್ತಕ ಇರುವುದು ಬಳಕೆಗೆ ಎಂಬುದು ಮೊದಲನೆಯದು. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂಬುವು ಎರಡನೆಯದು ಮತ್ತು ಮೂರನೆಯದು. ಅದೇ ವರ್ಷದ ಅಕ್ಟೋಬರಿನಲ್ಲಿ ತಂಜಾವೂರು ಸೀಮೆಯ ಮನ್ನಾರ್‌ಗುಡಿ ಬಳಿಯ ಮೇಲವಾಸಲ್ ಗ್ರಾಮದಿಂದ ಎತ್ತಿನ ಗಾಡಿಯಲ್ಲಿ ಪುಸ್ತಕ ತುಂಬಿಕೊಂಡು ಊರೂರು ಸುತ್ತುವ ಗ್ರಂಥಾಲಯ ಹೊರಟಿತು. ಓದುಗ ಬರಲಾಗದಿದ್ದರೆ ಪುಸ್ತಕವೇ ಹೋಗಬೇಕು ಎಂಬುದನ್ನು ಆ ಗಾಡಿ ರಸ್ತೆಯಲ್ಲಿ ನಡೆದು ತೋರಿಸಿತು. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರ ಕಟ್ಟಿದರು, ದುಡಿದು ಉಳಿಸಿದ್ದನ್ನು ಪತ್ನಿಯ ಹೆಸರಿನಲ್ಲಿ ಶಾರದಾ ರಂಗನಾಥನ್ ದತ್ತಿಯಾಗಿ ಇಟ್ಟರು, 1972ರಲ್ಲಿ ಅಲ್ಲಿಯೇ ತೀರಿಕೊಂಡರು.

ಅವರ ವಿಚಾರಗಳ ನೆರಳಿನಲ್ಲಿ ರೂಪುಗೊಂಡ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಆಗಿನ ಮೈಸೂರು ರಾಜ್ಯದಲ್ಲಿ 1965ರಲ್ಲಿ ಅಂಗೀಕಾರವಾಯಿತು. ಆಗ ಮುಖ್ಯಮಂತ್ರಿಯಾಗಿದ್ದವರು ಚಿತ್ರದುರ್ಗದಲ್ಲಿ ವಕೀಲಿ ಮಾಡಿ ಈ ಜಿಲ್ಲೆಯನ್ನೇ ತಮ್ಮದಾಗಿಸಿಕೊಂಡಿದ್ದ ಎಸ್. ನಿಜಲಿಂಗಪ್ಪನವರು. ಸ್ಥಳೀಯ ಸಂಸ್ಥೆಗಳ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ವಸೂಲಿಗೆ ಈ ಕಾಯ್ದೆ ದಾರಿ ಮಾಡಿತು. ಈಗ ಅದು ರೂಪಾಯಿಗೆ ಆರು ಪೈಸೆ. ಮನೆಗಂದಾಯ ಕಟ್ಟುವ ಪ್ರತಿಯೊಬ್ಬರೂ ಗ್ರಂಥಾಲಯಕ್ಕೆ ಹಣ ಕೊಟ್ಟವರೇ. ಹೀಗಿರುವಾಗ ಮಗುವೊಂದು ಪುಸ್ತಕ ಕೇಳುವುದು ದಾನ ಬೇಡಿದಂತಲ್ಲ, ತನ್ನ ಮನೆಯವರು ಕೊಟ್ಟಿರುವ ಹಣದ ಫಲ ಕೇಳಿದಂತೆ.

ಮೊದಲ ಸೂತ್ರ ಎಲ್ಲಿ ಸೋಲುತ್ತದೆ? ಬೀರುವಿನ ಬೀಗದಲ್ಲಿ. ಶಾಲೆಗಳಿಗೆ ಪುಸ್ತಕ ಬರುತ್ತಿಲ್ಲ ಎಂದು ಹೇಳುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಯಲ್ಲೂ ಪತ್ರಿಕೆ, ನಿಯತಕಾಲಿಕ, ಕಥೆ ಪುಸ್ತಕಗಳಿರುವ ಗ್ರಂಥಾಲಯ ಇರಲೇಬೇಕೆನ್ನುತ್ತದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯ ಹಂತವನ್ನು ನೋಡಿಕೊಂಡು ವರ್ಷಕ್ಕೆ 5,000ದಿಂದ 20,000 ರೂಪಾಯಿಯವರೆಗೆ ಪುಸ್ತಕಕ್ಕೆಂದೇ ಅನುದಾನವಿದೆ. ಬಂದ ಪುಸ್ತಕ ಮುಖ್ಯ ಶಿಕ್ಷಕರ ಕೊಠಡಿಯ ಕಬ್ಬಿಣದ ಬೀರುವಿಗೆ ಸೇರುತ್ತದೆ. ಪಕ್ಕದಲ್ಲಿ ಬಿಸಿಯೂಟದ ಲೆಕ್ಕದ ಪುಸ್ತಕ, ಮೇಲೆ ಹಳೆಯ ಭೂಪಟ. ಮಗು ಪುಸ್ತಕ ಕಳೆದರೆ, ಹರಿದರೆ ಯಾರು ಹೊಣೆ? ವರ್ಗಾವಣೆಯ ಹೊತ್ತಿಗೆ ಪ್ರಭಾರ ಒಪ್ಪಿಸುವಾಗ ಎಣಿಕೆಯಲ್ಲಿ ನಾಲ್ಕು ಪುಸ್ತಕ ಕಡಿಮೆ ಬಿದ್ದರೆ ಕೈಯಿಂದ ಕಟ್ಟಬೇಕಾದೀತು ಎಂಬ ಅಂಜಿಕೆ ಒಳ್ಳೆಯ ಶಿಕ್ಷಕರಲ್ಲೂ ಇದೆ. ಅದನ್ನು ಅವರ ಸೋಮಾರಿತನ ಎನ್ನಲಾಗದು. ನಾವು ಅವರಿಗೆ ದಾಸ್ತಾನು ವಹಿಯ ಲೆಕ್ಕವನ್ನಷ್ಟೇ ಕೇಳುತ್ತ ಬಂದಿದ್ದೇವೆ, ಅವರು ದಾಸ್ತಾನನ್ನು ಕಾಯುತ್ತ ಬಂದಿದ್ದಾರೆ.

ಬಳಸಿದ ಪುಸ್ತಕದ ಗುರುತೇ ಬೇರೆ. ಕೊನೆಯ ಪುಟಕ್ಕೆ ಅಂಟಿಸಿದ ದಿನಾಂಕದ ಚೀಟಿಯಲ್ಲಿ ನೀಲಿ ಶಾಯಿಯ ಮುದ್ರೆಗಳು ಒಂದರ ಮೇಲೊಂದು ಬಿದ್ದು ಜಾಗ ಸಾಲದೆ ಇನ್ನೊಂದು ಚೀಟಿ ಅಂಟಿಸಿರುತ್ತಾರೆ. ಬೆನ್ನಿಗೆ ಬಟ್ಟೆಯ ಪಟ್ಟಿ ಹಾಕಿ ಹೊಲಿದಿರುತ್ತಾರೆ. ಪುಟದ ಕೆಳತುದಿ ಬೆರಳಿನ ಜಿಡ್ಡಿಗೆ ಕಂದಿರುತ್ತದೆ, ಎಲ್ಲೋ ಒಂದು ಕಡೆ ಹುಣಸೆಹಣ್ಣಿನದೋ ಚಟ್ನಿಯದೋ ಕಲೆ. ಐದು ವರ್ಷದಲ್ಲಿ ಹೀಗಾಗಿ ಸವೆದುಹೋದ ಪುಸ್ತಕಕ್ಕೆ ಕೊಟ್ಟ ಹಣ ಪೂರ್ತಿ ವಸೂಲಾಗಿದೆ. ಇಪ್ಪತ್ತು ವರ್ಷವಾದರೂ ಹೊಸ ಕಾಗದದ ವಾಸನೆ ಆರದ ಪುಸ್ತಕದ ಹಣ ನಷ್ಟ. ಲೆಕ್ಕ ತಪಾಸಣೆಯಲ್ಲಿ ಇದು ತಿರುವುಮುರುವಾಗಿ ದಾಖಲಾಗುತ್ತದೆ.

ಶಾಲೆಯ ಬೀರುವಿನ ಈ ಕಥೆಗೆ ಪರ್ಯಾಯವಾಗಿ ಕಳೆದ ಕೆಲವು ವರ್ಷಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಒಂದು ಬದಲಾವಣೆ ನಡೆದಿದೆ. ಕರ್ನಾಟಕ ಹೆಮ್ಮೆಪಡಬಹುದಾದ ಬದಲಾವಣೆ. 2019ರಲ್ಲಿ ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. ಕೊರೊನಾದಿಂದ ಶಾಲೆಗಳು ಮುಚ್ಚಿದ್ದ 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಆಗ ಇಲಾಖೆಯ ಹಿರಿಯ ಅಧಿಕಾರಿಯಾಗಿದ್ದ ಉಮಾ ಮಹಾದೇವನ್ ಅವರ ಮುತುವರ್ಜಿಯಲ್ಲಿ ಲಕ್ಷಗಟ್ಟಲೆ ಮಕ್ಕಳು ಹೆಸರು ನೋಂದಾಯಿಸಿದರು. ವಯಸ್ಕರು ದಿನಪತ್ರಿಕೆ ತಿರುವಿ ಹೋಗುತ್ತಿದ್ದ ಮಂಕು ಕೋಣೆಗಳ ಗೋಡೆಗೆ ಬಣ್ಣ ಬಂತು, ಚಿತ್ರ ಬಂತು, ಚದುರಂಗದ ಮಣೆ ಬಂತು, ಎಷ್ಟೋ ಕಡೆ ಕಂಪ್ಯೂಟರ್ ಬಂತು. ಈಗ ಅವಕ್ಕೆ ‘ಅರಿವು ಕೇಂದ್ರ’ ಎಂದು ಹೆಸರು. ಈ ಎಲ್ಲದರ ಭಾರ ಹೊತ್ತವರು ವರ್ಷಗಟ್ಟಲೆ ಅತಿ ಕಡಿಮೆ ಗೌರವಧನಕ್ಕೆ ದುಡಿದ ಗ್ರಂಥಾಲಯ ಮೇಲ್ವಿಚಾರಕರು. ಪುಸ್ತಕವನ್ನೂ ಮಗುವನ್ನೂ ಬಲ್ಲ ಆ ಮನುಷ್ಯ ಎಂದು ಹಿಂದೆ ಹೇಳಿದ್ದು ಇವರನ್ನೇ. ಅವರಿಗೆ ಮಕ್ಕಳ ಸಾಹಿತ್ಯದ ತರಬೇತಿ ಕೊಡುವುದು ಕಟ್ಟಡಕ್ಕೆ ಟೈಲ್ಸ್ ಹಾಕುವುದಕ್ಕಿಂತ ತುರ್ತಿನ ಕೆಲಸ.

ನೋಂದಣಿಯ ಎಣಿಕೆಯೇ ಸಾಧನೆಯಾಗಿಬಿಡುವ ಅಪಾಯವೂ ಇಲ್ಲಿದೆ. ಸದಸ್ಯತ್ವವೂ ಒಂದು ಬಗೆಯ ದಾಸ್ತಾನೇ. ಹೆಸರು ಬರೆಸಿದ ಮಗು ಕಳೆದ ತಿಂಗಳು ಎಷ್ಟು ಪುಸ್ತಕ ಮನೆಗೆ ಒಯ್ದಿತು ಎಂದು ಯಾರೂ ಕೇಳದಿದ್ದರೆ, ಅಕ್ಷರ ಫೌಂಡೇಶನ್ನಿನ ಪ್ರಯೋಗದಲ್ಲಿ ಕಂಡ ಶೂನ್ಯವೇ ಇಲ್ಲಿಯೂ ಕಂಡೀತು.

ತಾಲ್ಲೂಕು ಮತ್ತು ಜಿಲ್ಲಾ ಗ್ರಂಥಾಲಯಗಳಲ್ಲಿ ಇನ್ನೊಂದು ದೃಶ್ಯ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಎಫ್‌ಡಿಎ, ಪಿಎಸ್‌ಐ, ಶಿಕ್ಷಕರ ನೇಮಕಾತಿ ಪರೀಕ್ಷೆಗಳಿಗೆ ಸಿದ್ಧರಾಗುವ ಯುವಕ ಯುವತಿಯರು ಚೀಲ ಹಿಡಿದು ಕಾಯುತ್ತಾರೆ. ಅವರು ಗ್ರಂಥಾಲಯದ ಪುಸ್ತಕ ಮುಟ್ಟುವುದು ಕಡಿಮೆ. ತಮ್ಮ ಗೈಡು, ತಮ್ಮ ನೋಟ್ಸು. ಇದನ್ನು ಕಂಡು ಮೂಗು ಮುರಿಯುವವರಿದ್ದಾರೆ. ಅದು ಸರಿಯಲ್ಲ. ಒಂದೇ ಕೋಣೆಯಲ್ಲಿ ಟಿವಿ, ಅಡುಗೆ, ಹಾಸಿಗೆ ಹಿಡಿದ ಅಜ್ಜಿ, ಅಳುವ ಕೂಸು ಎಲ್ಲವೂ ಇರುವ ಮನೆಯಿಂದ ಬಂದವರಿಗೆ ಒಂದು ಕುರ್ಚಿ, ಒಂದು ಫ್ಯಾನು, ಮೌನ ಸಿಗುವುದೇ ದೊಡ್ಡದು. ಎಸ್‌ಎಸ್‌ಎಲ್‌ಸಿಯ ಮಕ್ಕಳಿಗೂ ಜನವರಿಯಿಂದ ಮಾರ್ಚ್‌ವರೆಗೆ ಇಂಥ ಜಾಗ ಬೇಕು. ಆದರೆ ಕುಳಿತು ಓದಲು ಸಿಕ್ಕ ಜಾಗ ಈ ವರ್ಷದ ಪರೀಕ್ಷೆಗೆ ನೆರವಾಗುತ್ತದೆ. ಎರವಲು ಪುಸ್ತಕದ ಫಲ ಎಲ್ಲ ಪರೀಕ್ಷೆಗಳಿಗೂ ಬರುತ್ತದೆ, ಬಹಳ ತಡವಾಗಿ. ಒಂದನ್ನು ಕೊಟ್ಟು ಇನ್ನೊಂದನ್ನು ಕೊಟ್ಟೆವೆಂದು ಸಮಾಧಾನಪಟ್ಟುಕೊಳ್ಳಲಾಗದು.

ಯಾವ ಪುಸ್ತಕ ಎಂಬುದು ಕೊನೆಯ ಪ್ರಶ್ನೆ, ಆದರೆ ಸಣ್ಣದಲ್ಲ. ಕನ್ನಡದಲ್ಲಿ ಮಕ್ಕಳಿಗೆ ಪುಸ್ತಕವಿಲ್ಲ ಎಂಬ ದೂರು ಅರ್ಧ ಸತ್ಯ. ಶಿವರಾಮ ಕಾರಂತರು 1936ರಲ್ಲೇ ಮೂರು ಸಂಪುಟಗಳ ‘ಬಾಲ ಪ್ರಪಂಚ’ ಬರೆದುಕೊಟ್ಟರು. ನಿರಂಜನರ ಸಂಪಾದಕತ್ವದಲ್ಲಿ ‘ಜ್ಞಾನಗಂಗೋತ್ರಿ’ಯ ಏಳು ಸಂಪುಟಗಳು ಬಂದವು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಮಾಸಪತ್ರಿಕೆ 1978ರಿಂದ ಹೊರಬರುತ್ತಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡದ ಚಿತ್ರಕಥೆಗಳನ್ನು ಯಾರು ಬೇಕಾದರೂ ದುಡ್ಡಿಲ್ಲದೆ ಓದಬಹುದು, ಮುದ್ರಿಸಿಕೊಳ್ಳಬಹುದು. ಒಂಬತ್ತನೆಯ ತರಗತಿಯ ಹುಡುಗನಿಗೆ ಜೀವವಿಜ್ಞಾನದ ಗುರುಗಳಾಗಿ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’, ತೇಜಸ್ವಿಯವರ ‘ಕರ್ವಾಲೊ’ ಇವೆ. ಈ ಸೀಮೆಯ ಮಗುವಿಗೆ ಚರಿತ್ರೆಯ ರುಚಿ ಹತ್ತಬೇಕಾದರೆ ತಳುಕಿನ ಮನೆತನದ ತ.ರಾ. ಸುಬ್ಬರಾಯರ ‘ದುರ್ಗಾಸ್ತಮಾನ’ ಇದೆ. 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ. ಬಸ್ಸಿನ ಕಿಟಕಿಯಲ್ಲಿ ಕಾಣುವ ಚಿತ್ರದುರ್ಗದ ಕೋಟೆಯ ಬುರುಜುಗಳು ಅದನ್ನು ಓದಿದ ಮಗುವಿಗೆ ಬೇರೆಯೇ ಆಗಿ ಕಾಣುತ್ತವೆ. ತೊಂದರೆ ಇರುವುದು ಖರೀದಿಯಲ್ಲಿ. ವಯಸ್ಸಿಗೆ ಹೊಂದದ, ಯಾರೂ ಕೇಳದ ಪುಸ್ತಕಗಳ ಕಟ್ಟುಗಳು ಮೇಲಿನಿಂದ ಬಂದು ಬೀಳುತ್ತವೆ. ಆಯ್ಕೆಯಲ್ಲಿ ಓದುವ ಮಕ್ಕಳನ್ನೇ ಕೇಳುವ ಪದ್ಧತಿ ಇನ್ನೂ ಬೇರೂರಿಲ್ಲ.

ಪುಸ್ತಕಗಳ ನಡುವೆ ಬೆಳೆದ ಮಗುವಿನ ದಾರಿ ಎಷ್ಟು ಉದ್ದವಾಗುತ್ತದೆ ಎಂಬುದಕ್ಕೆ 2010ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಇಲ್ಲಿ ನೆನೆಯಬಹುದು. ಮರಿಯಾ ಎವಾನ್ಸ್ ಮತ್ತು ಸಂಗಡಿಗರು 27 ದೇಶಗಳ ಮಾಹಿತಿ ಕಲೆಹಾಕಿ, ಐನೂರು ಪುಸ್ತಕಗಳಿರುವ ಮನೆಯಲ್ಲಿ ಬೆಳೆದ ಮಗು ಪುಸ್ತಕವೇ ಇಲ್ಲದ ಮನೆಯ ಮಗುವಿಗಿಂತ ಸರಾಸರಿ ಮೂರು ವರ್ಷಕ್ಕೂ ಹೆಚ್ಚು ಕಾಲ ಶಿಕ್ಷಣ ಪಡೆಯುತ್ತದೆ ಎಂದು ಕಂಡರು. ತಂದೆತಾಯಿಯ ಓದು, ಉದ್ಯೋಗಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ಅಂತರ ಉಳಿಯಿತು. ಶೇಂಗಾ ಬೆಳೆಯುವ ಕುಟುಂಬ ಮನೆಯಲ್ಲಿ ಐನೂರು ಪುಸ್ತಕ ಕೂಡಿಡುವುದು ಆಗದ ಮಾತು. ಊರಿಗೊಂದು ಕೋಣೆಯಲ್ಲಿ ಅವು ಈಗಾಗಲೇ ಇವೆ. ಅಲ್ಲಿಂದ ವಾರಕ್ಕೊಂದು ಮನೆಗೆ ಹೋಗಿ ಬಂದರೆ, ಒಂದನೆಯ ತರಗತಿಯಿಂದ ಹತ್ತನೆಯದು ಮುಗಿಯುವ ಹೊತ್ತಿಗೆ ಆ ಮಗುವಿನ ಮನೆಯ ಹೊಸ್ತಿಲನ್ನು ಐನೂರು ಪುಸ್ತಕಗಳು ದಾಟಿರುತ್ತವೆ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ, ದೊಡ್ಡ ಹಣವೂ ಬೇಕಿಲ್ಲ. ಈ ಸಾಲುಗಳನ್ನು ಕೇಳುತ್ತಿರುವ ಅಥವಾ ಓದುತ್ತಿರುವ ಶಾಲಾಭಿವೃದ್ಧಿ ಸಮಿತಿಯ ಸದಸ್ಯರಲ್ಲಿ, ಗ್ರಾಮ ಪಂಚಾಯಿತಿಯ ಸದಸ್ಯರಲ್ಲಿ, ತಂದೆತಾಯಂದಿರಲ್ಲಿ ಒಂದು ವಿನಂತಿ. ಮುಂದಿನ ಸಭೆಯಲ್ಲಿ ವಿತರಣಾ ವಹಿಯನ್ನು ತರಿಸಿ ನೋಡಿ. ಕಳೆದ ತಿಂಗಳು ಎಷ್ಟು ಪುಸ್ತಕ ಮನೆಗೆ ಹೋದವು, ಅವುಗಳಲ್ಲಿ ಎಷ್ಟು ಹೆಣ್ಣುಮಕ್ಕಳ ಕೈಗೆ, ಎಷ್ಟು ಹಟ್ಟಿ ಹಾಗೂ ಕಾಲೊನಿಗಳ ಮಕ್ಕಳ ಕೈಗೆ ಎಂದು ಕೇಳಿ. ಓದಿ ಸವೆದ, ಮಕ್ಕಳ ಕೈಯಲ್ಲಿ ಕಳೆದ ಪುಸ್ತಕಗಳ ಹೊಣೆಯನ್ನು ಶಿಕ್ಷಕರ ಮೇಲೆ, ಮೇಲ್ವಿಚಾರಕರ ಮೇಲೆ ಹೊರಿಸುವುದಿಲ್ಲ ಎಂದು ಒಂದು ಠರಾವು ಬರೆಸಿ, ಎಲ್ಲರೂ ಸಹಿ ಹಾಕಿ, ಮೇಲಧಿಕಾರಿಗಳಿಗೂ ಒಂದು ಪ್ರತಿ ಕಳುಹಿಸಿಕೊಡಿ. ಸಂಜೆಯ ಬಸ್ಸು ಹೊರಡುವ ತನಕ ಗ್ರಂಥಾಲಯದ ಬಾಗಿಲು ತೆರೆದಿರುವಂತೆ ವೇಳೆಯನ್ನು ಹೊಂದಿಸಿ. ಬೀರುವಿನ ಬೀಗದ ಕೈಯನ್ನು ಏಳನೆಯ ತರಗತಿಯ ಇಬ್ಬರು ಮಕ್ಕಳ ಕೈಗೆ ಕೊಟ್ಟು ನೋಡಿ.